ಮಾವನ ಹೆಸರಿನ ಠೇವಣಿ

ಬಾಗಿಲು ಬಡಿದ ಸದ್ದು. ಹೊರಬಾಗಿಲಲ್ಲ, ಮಲಗುವ ಕೋಣೆಯ ಬಾಗಿಲು.

ಸಿಂಥಿಯಾ ಕಣ್ಣು ತೆರೆದಳು. ಕಿಟಕಿಯಾಚೆ ಕಲ್ಯಾಣಪುರವೆಲ್ಲ ನಿದ್ರೆಯಲ್ಲಿತ್ತು. ಹೆದ್ದಾರಿಯ ಕಡೆಯಿಂದ ಲಾರಿಯೊಂದರ ಸದ್ದು ಬಂದು ಕರಗಿತು. ಕನಸಿರಬೇಕೆಂದು ಮಗ್ಗುಲಾಗುವಷ್ಟರಲ್ಲಿ ಮತ್ತೊಮ್ಮೆ ಕೇಳಿಸಿತು. ಮನೆಯವರನ್ನೆಲ್ಲ ಎಬ್ಬಿಸಬಾರದೆಂಬ ಎಚ್ಚರದಲ್ಲಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ ಸದ್ದು.

“ಯಾರು?” ಎಂದು ಪಕ್ಕದಲ್ಲಿದ್ದ ಗಂಡ ಜೋಯಲ್ ಕೇಳಿದ.

ಹೊರಗೆ ಬರಿಗಾಲಿನ ಸಪ್ಪಳ ಬೇಗ ಬೇಗನೆ ದೂರ ಸರಿಯಿತು.

ಸಿಂಥಿಯಾ ಎದ್ದು ಬಾಗಿಲು ತೆರೆದಳು. ನಡುಮನೆಯಲ್ಲಿ ಯಾರೂ ಇಲ್ಲ. ಗೋಡೆಯ ಆಲ್ತಾರಿನಲ್ಲಿ ಯೇಸುವಿನ ಪಟದ ಮುಂದಿನ ಕೆಂಪು ಬಲ್ಬು ಎಂದಿನಂತೆ ಉರಿಯುತ್ತಿತ್ತು. ಅದರ ಕೆಳಗಿನ ಸ್ಟೂಲಿನ ಮೇಲೆ ಮಾವನ ಫೋನು ಎಂದಿನಂತೆ ಚಾರ್ಜಿಗೆ ಬಿದ್ದಿತ್ತು. ಮಾವ ಕಜೆಟನ್‌ರ ಗೊರಕೆ ಮುಚ್ಚಿದ ಬಾಗಿಲನ್ನೂ ದಾಟಿ ಬರುತ್ತಿತ್ತು. ಮಗಳು ರೇಚಲ್‌ಳ ಕೋಣೆಗೆ ಇಣುಕಿದರೆ ಹುಡುಗಿ ದಿಂಬಿನ ಮೇಲೆ ಕಾಲು ಹಾಕಿಕೊಂಡು ಲೋಕ ಮರೆತು ಮಲಗಿದ್ದಳು.

“ಬೆಕ್ಕಿರಬಹುದು, ಮಲಗು,” ಎಂದ ಜೋಯಲ್.

“ಬೆಕ್ಕು ಬಾಗಿಲು ತಟ್ಟುತ್ತದಾ, ಮಾರಾಯ್ರೇ?”

ಅವನು ಗೋಡೆಯ ಕಡೆಗೆ ತಿರುಗಿಕೊಂಡ. ಆದರೆ ಅವಳ ಕಿವಿ ಸುಳ್ಳು ಹೇಳುವಂಥದ್ದಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಹದಿನೇಳು ವರ್ಷಗಳಿಂದ ಕಿವಿ ಪರೀಕ್ಷೆಯೇ ಅವಳ ಕೆಲಸ. ಯಾರೋ ಅವಳನ್ನು ಕರೆಯಲು ಬಂದಿದ್ದರು. ಬಂದವರು ಏನನ್ನೋ ಕೇಳಿ ಹೆದರಿ ಓಡಿದ್ದರು.

ಬೆಳಿಗ್ಗೆ ಮೇಜಿನ ಮೇಲೆ ನೀರುದೋಸೆಯ ತಟ್ಟೆ ಬಂದಾಗ ಅವಳು ವಿಷಯ ತೆಗೆದಳು.

“ರಾತ್ರಿ ನಮ್ಮ ಬಾಗಿಲು ತಟ್ಟಿದ್ದು ಯಾರು?”

“ನನ್ನನ್ನು ಕೇಳುವುದಾ?” ಎಂದು ಕಜೆಟನ್ ಬೀದಿಗೂ ಕೇಳುವಂತೆ ಹೇಳಿದರು. “ಸಿಡಿಲು ಬಡಿದರೂ ಕೇಳದವನನ್ನು?” ಸೊಸೆ ಎಂಟು ವರ್ಷದಿಂದ ಹಿಂದೆ ಬಿದ್ದರೂ ಕಿವಿಗೆ ಯಂತ್ರ ಹಾಕಿಸಿಕೊಳ್ಳದ ಹಠ ಅವರದು. ತಮ್ಮ ಕಿವುಡಿನ ಬಗ್ಗೆ ಅವರಿಗೆ ಸಣ್ಣದೊಂದು ಹೆಮ್ಮೆಯೇ ಇತ್ತು.

“ನಾನಲ್ಲಪ್ಪ,” ಎಂದಳು ರೇಚಲ್. “ಸೈತಾನನೇ ಬಂದಿದ್ದನೋ ಏನೋ. ಪರೀಕ್ಷೆಗೆ ಓದಿಲ್ಲ ಅಂತ ನನ್ನನ್ನು ಕೊಂಡುಹೋಗಲಿಕ್ಕೆ.”

ಅತ್ತೆ ಆಂಜೆಲಾ ಕಾವಲಿಯಿಂದ ದೋಸೆ ಎಬ್ಬಿಸುತ್ತ, ತಿರುಗಿ ನೋಡದೆ, “ದೋಸೆ ತಣಿಯುತ್ತದೆ, ತಿನ್ನಿ,” ಎಂದರು.

ಕಜೆಟನ್ ಪತ್ರಿಕೆ ಬಿಡಿಸಿದರು. “ಪುನಃ ಏರಿಸಿದ್ದಾರೆ! ಮೇ ತಿಂಗಳಿಂದ ಇದು ಐದನೇ ಸಲ. ಬಡ್ಡಿಯೋ ಇದು, ಅಲ್ಲ ಜ್ವರವೋ? ಇಳಿಯುವ ಮಾತೇ ಇಲ್ಲ!”

ಆ ಮನೆಯ ನೆಮ್ಮದಿ ಕೆಟ್ಟದ್ದೇ ಅಲ್ಲಿಂದ. ಎರಡು ವರ್ಷದ ಹಿಂದೆ, ಬಡ್ಡಿ ಏಳಕ್ಕಿಂತ ಕೆಳಗಿದ್ದಾಗ, ಹಳೆಯ ಹೆಂಚಿನ ಮನೆ ತೆಗೆದು ಈ ತಾರಸಿಯ ಮನೆಗೆ ನಲವತ್ತೆರಡು ಲಕ್ಷ ಸಾಲ ಮಾಡಿದ್ದರು. ಜಾಗ ಕಜೆಟನ್‌ರದ್ದು, ಆದ್ದರಿಂದ ಸಾಲದಲ್ಲಿ ಅವರ ಹೆಸರೂ ಇತ್ತು. ಕಂತು ಕಟ್ಟುವವರು ಜೋಯಲ್ ಮತ್ತು ಸಿಂಥಿಯಾ. ಒಮ್ಮೆಯೂ ತಪ್ಪಿದ್ದಿಲ್ಲ. ಬಡ್ಡಿ ಏರಿದಾಗ ಬ್ಯಾಂಕು ಕಂತನ್ನು ಹೆಚ್ಚಿಸಲಿಲ್ಲ. ಸದ್ದಿಲ್ಲದೆ ವರ್ಷಗಳನ್ನು ಹೆಚ್ಚಿಸಿತು. ಎರಡು ಸಾವಿರದ ಮೂವತ್ತೆಂಟರಲ್ಲಿ ಮುಗಿಯಬೇಕಿದ್ದ ಸಾಲ ನಲವತ್ತಾರಕ್ಕೆ ಹೋಗಿ ನಿಂತಿದೆ ಎಂಬ ಸಂದೇಶ ಹಿಂದಿನ ತಿಂಗಳು ಬಂದಿತ್ತು.

“ನಲವತ್ತಾರು ಅಂದರೆ ಜೋಯಲನಿಗೆ ಎಪ್ಪತ್ತು!” ಕಜೆಟನ್ ಬೆರಳಿನಿಂದ ಮೇಜು ಕುಟ್ಟಿ, ಮಗಳೇ ಎಂಬಂತೆ ‘ಬಾಯ್’ ಎಂದೇ ಕರೆಯುವ ಸೊಸೆಯ ಕಡೆ ತಿರುಗಿದರು. “ಕುವೈಟಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದೆ, ಯಾರಿಗೂ ಒಂದು ದಿನಾರ್ ಬಾಕಿ ಇಟ್ಟವನಲ್ಲ. ಹದಿನಾರು ಲಕ್ಷದ ಠೇವಣಿ ಮಲಗಿಸಿ ಇಟ್ಟು ಹೀಗೆ ಬಡ್ಡಿ ಕಟ್ಟುವುದು ಎಂತ ಬುದ್ಧಿವಂತಿಕೆ, ಬಾಯ್? ತೆಗೆದು ಸಾಲಕ್ಕೆ ಹಾಕಿಬಿಡು.”

“ಮಾಂವ್, ಎಷ್ಟು ಸಲ ಹೇಳಲಿ?” ಸಿಂಥಿಯಾ ದೋಸೆ ಬಿಟ್ಟಳು. “ಕಂತಿಗೆ ತಿಂಗಳಿಗೆ ಐದು ಸಾವಿರ ಸೇರಿಸಿದರೆ ಸಾಲ ಪುನಃ ಮೂವತ್ತೆಂಟರ ಹತ್ತಿರಕ್ಕೆ ಬರ್ತದೆ. ಅದು ನಮಗೆ ಭಾರ ಅಲ್ಲ. ಆರು ತಿಂಗಳ ಕಂತು ಬೇರೆ ಎತ್ತಿಟ್ಟಿದ್ದೇನೆ. ಆದರೆ ಕೈಯಲ್ಲಿರುವ ಗಂಟು ಮುಟ್ಟಬಾರದು. ಸಾಲಕ್ಕೆ ಕಟ್ಟಿದ ದುಡ್ಡನ್ನು ನಾಳೆ ಬೇಕು ಅಂದರೆ ಬ್ಯಾಂಕಿನವರು ವಾಪಸ್ ಕೊಡ್ತಾರಾ?”

“ಭಾರ ಅಲ್ಲವಂತೆ! ಜನವರಿ ಮುಗಿದರೆ ಈ ಮನೆಗೆ ಬರುವುದು ಒಂದೇ ಸಂಬಳ.”

ಅದು ನಿಜವಾಗಿತ್ತು. ಸಿಂಥಿಯಾ ಆಸ್ಪತ್ರೆಗೆ ರಾಜೀನಾಮೆ ಕೊಟ್ಟಾಗಿತ್ತು. ಕಾರ್ಕಳದಲ್ಲಿ ಸ್ವಂತ ಕಿವಿ ಪರೀಕ್ಷಾ ಕೇಂದ್ರ ತೆರೆಯುವುದು ಅವಳ ಹತ್ತು ವರ್ಷದ ಕನಸು. ಅಲ್ಲಿಂದ ಮಣಿಪಾಲಕ್ಕೆ ಎರಡು ಬಸ್ಸು ಬದಲಿಸಿ ಬರುವ ಮುದುಕರನ್ನು, ಮಾತು ಬಾರದ ಕೂಸುಗಳನ್ನು ಹೊತ್ತು ತರುವ ತಾಯಂದಿರನ್ನು ಅವಳು ದಿನಾ ಕಂಡವಳು. ಬಸ್ ನಿಲ್ದಾಣದ ಹತ್ತಿರ ಸರ್ವೋತ್ತಮ ಪ್ರಭುಗಳ ಕಟ್ಟಡದಲ್ಲಿ ನೆಲಮಹಡಿಯಲ್ಲಿ ಜಾಗ ಗೊತ್ತಾಗಿತ್ತು. ಮುಂಗಡ, ಸದ್ದು ನುಗ್ಗದ ಕೋಣೆ, ಯಂತ್ರಗಳು, ಎಲ್ಲಕ್ಕೂ ಆ ಹದಿನಾರು ಲಕ್ಷ. ತವರಿನ ಜಾಗ ಮಾರಿದಾಗ ಅವಳ ಪಾಲಿಗೆ ಬಂದ ದುಡ್ಡದು.

“ನೀವು ಎಂತ ಹೇಳ್ತೀರಿ?” ಎಂದು ಅವಳು ಗಂಡನನ್ನು ಕೇಳಿದಳು.

“ಎರಡೂ ಸರಿಯೇ ಉಂಟು,” ಎಂದ ಜೋಯಲ್. “ಡ್ಯಾಡಿ ಹೇಳುವುದೂ ಸರಿ, ನೀನು ಹೇಳುವುದೂ ಸರಿ. ಕ್ಲಿನಿಕ್ ಮಾಡುವ, ಮಾಡುವ.” ಆ ಮನೆಯಲ್ಲಿ ಯಾರಿಗೂ ಇಲ್ಲವೆಂದು ಹೇಳದವನು ಅವನೊಬ್ಬನೇ.

ಸೋಮವಾರ ಸಿಂಥಿಯಾ ಉಡುಪಿಯ ಬ್ಯಾಂಕಿಗೆ ಹೋದಳು. ಮುಂಗಡಕ್ಕೆಂದು ಠೇವಣಿಯನ್ನು ಮುರಿಸಬೇಕಿತ್ತು.

ಆ ಠೇವಣಿಯಲ್ಲಿ ಮೊದಲ ಹೆಸರು ಮಾವನದ್ದು, ಎರಡನೆಯದು ಅವಳದ್ದು. ಅದು ಅವಳದೇ ಜಾಣತನ. ಹಿರಿಯ ನಾಗರಿಕರಿಗೆ ಬ್ಯಾಂಕು ಅರ್ಧ ಶೇಕಡಾ ಹೆಚ್ಚು ಬಡ್ಡಿ ಕೊಡುತ್ತದೆ. ಊರಿನಲ್ಲಿ ಎಲ್ಲರೂ ಮಾಡುವಂತೆ ಅವಳೂ ಅಪ್ಪನ ವಯಸ್ಸಿನವರ ಹೆಸರು ಮುಂದಿಟ್ಟಿದ್ದಳು. ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದೆಂಬ ಷರತ್ತಿಗೆ ನಗುನಗುತ್ತ ಸಹಿ ಹಾಕಿದ್ದಳು.

ಅಧಿಕಾರಿಣಿ ಪರದೆ ನೋಡಿ, ಅವಳನ್ನು ನೋಡಿ, ಪುನಃ ಪರದೆ ನೋಡಿದರು.

“ಮೇಡಂ, ಇದು ಶುಕ್ರವಾರ ಸಂಜೆಯೇ ಮುರಿದಾಗಿದೆಯಲ್ಲ? ಕಜೆಟನ್ ಅವರ ಮೊಬೈಲ್‌ನಿಂದ. ಪೂರ್ತಿ ಮೊತ್ತ ನಿಮ್ಮ ಗೃಹಸಾಲಕ್ಕೆ ಜಮೆ ಆಗಿದೆ.”

“ಇಲ್ಲ… ಯಾರು? ಅದನ್ನು ವಾಪಸ್…”

“ಸಾಲಕ್ಕೆ ಜಮೆ ಆದದ್ದು ವಾಪಸ್ ಬರುವುದಿಲ್ಲ, ಮೇಡಂ. ಕಂತು ಕಡಿಮೆ ಮಾಡಬೇಕೋ ವರ್ಷ ಕಡಿಮೆ ಮಾಡಬೇಕೋ ಅಂತ ಕೇಳಿದ್ದಕ್ಕೆ ವರ್ಷ ಅಂತ ಆರಿಸಿದ್ದಾರೆ. ಒಳ್ಳೆಯ ತೀರ್ಮಾನವೇ. ಎರಡು ಸಾವಿರದ ಮೂವತ್ತೊಂದಕ್ಕೆ ನಿಮ್ಮ ಸಾಲವೇ ಮುಗಿಯುತ್ತದೆ.” ಅಭಿನಂದಿಸಬೇಕೋ ಬೇಡವೋ ಎಂದು ತಿಳಿಯದೆ ಅವರು ಅರ್ಧ ನಕ್ಕರು.

ಶುಕ್ರವಾರ ಸಂಜೆ. ಬಾಗಿಲು ಬಡಿದದ್ದು ಶುಕ್ರವಾರ ರಾತ್ರಿ.

ಆ ಸೋಮವಾರ ಸಂಜೆ ಮನೆಯಲ್ಲಿ ತೇರ್ಸ್‌ಗೆ ಮೊದಲೇ ಸಿಡಿಲು ಬಿತ್ತು. ತೇರ್ಸ್ ಎಂದರೆ ದಿನಾ ಮುಸ್ಸಂಜೆ ಆಲ್ತಾರಿನ ಮುಂದೆ ಮನೆಮಂದಿಯೆಲ್ಲ ಮೊಣಕಾಲೂರಿ ಹೇಳುವ ಜಪಮಾಲೆ. ಅದು ಮುಗಿದ ಮೇಲೆ ಕಿರಿಯರು ಹಿರಿಯರೆದುರು ಬಾಗಿ ಬೆಸಾಂವ್ ಕೇಳಬೇಕು. ಹಿರಿಯರು ಹಣೆಗೆ ಶಿಲುಬೆಯ ಗುರುತಿಟ್ಟು ಆಶೀರ್ವದಿಸಬೇಕು. ಎಂಥ ಜಗಳವೂ ಆ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಳ್ಳಬೇಕೆಂಬುದು ಆ ಮನೆಯ ಕ್ರಮ. ಅಂದು ಜಗಳ ಬಾಯಿ ಮುಚ್ಚಲಿಲ್ಲ.

“ಹೇಳಿಬಿಡಿ ಮಾಂವ್, ನೀವೇ ತಾನೇ?”

“ಎಂತ ನಾನೇ?”

“ನನ್ನ ಠೇವಣಿ ಮುರಿದು ಸಾಲಕ್ಕೆ ಕಟ್ಟಿದ್ದು! ತಿಂಗಳಿಂದ ಅದೊಂದೇ ಜಪ ಮಾಡಿದ್ದು ನೀವಲ್ವಾ?”

ಕಜೆಟನ್ ಕಿವಿಗೆ ಕೈ ಹಿಡಿದು ಎರಡು ಸಲ ಕೇಳಿಸಿಕೊಂಡರು. ಅರ್ಥವಾದಾಗ ಮುಖದ ಬಣ್ಣವೇ ಹೋಯಿತು.

“ನಾನಾ? ಕರೆಂಟ್ ಬಿಲ್ ಕಟ್ಟಲಿಕ್ಕೆ ರೇಚಲಳನ್ನು ಕರೆಯುವವನು ನಾನು. ಆ ಫೋನಿನಲ್ಲಿ ಎಲ್ಲಿ ಒತ್ತಬೇಕು ಅಂತ ನನಗೆ ಗೊತ್ತುಂಟಾ?”

“ನಿಮ್ಮ ಗುಪ್ತಸಂಖ್ಯೆ ಮತ್ತೆ ಯಾರಿಗೆ ಗೊತ್ತು?”

“ಆಬ್ ಅದನ್ನು ಕೂಗಿ ಹೇಳುತ್ತಾರೆ, ಮಮ್ಮಿ,” ರೇಚಲ್ ಅಜ್ಜನನ್ನು ತೋರಿಸುತ್ತ ನಡುವೆ ಬಂದಳು. “ಮೀನು ಮಾರುವವಳಿಗೂ ಗೊತ್ತಿರಬಹುದು.”

“ನೀನು ಸುಮ್ಮನಿರು! ಬಿಲ್ ಕಟ್ಟುವವಳು ನೀನೇ ಅಲ್ವಾ?”

“ಹದಿನಾರು ಲಕ್ಷ ಕೈಗೆ ಸಿಕ್ಕಿದ್ದರೆ ನಾನು ಸಾಲ ಕಟ್ಟುತ್ತಿದ್ದೆನಾ?” ಎಂದಳು ಹುಡುಗಿ.

ಕಜೆಟನ್ ಎದ್ದು ಆಲ್ತಾರಿಗೆ ಕೈ ಚಾಚಿದರು. “ದೇವರಾಣೆ, ನಾನು ಮುಟ್ಟಲಿಲ್ಲ.”

“ದೇವರನ್ನು ಇದಕ್ಕೆ ತರಬೇಡಿ,” ಎಂದಳು ಸಿಂಥಿಯಾ. “ಮಾಡಿದ್ದನ್ನು ಒಪ್ಪಿಕೊಳ್ಳಲಿಕ್ಕೆ ಧೈರ್ಯ ಇಲ್ಲದಿದ್ದರೆ ಆಣೆ ಹಾಕುವ ಧೈರ್ಯ ಎಲ್ಲಿಂದ ಬಂತು?”

ಹೇಳಬಾರದ ಮಾತು. ಬಾಯಿಂದ ಬಿದ್ದ ಕೂಡಲೇ ಅವಳಿಗೂ ತಿಳಿಯಿತು. ಆಂಜೆಲಾ ಅಡುಗೆಮನೆಯ ಬಾಗಿಲಲ್ಲಿ, ಸೌಟು ಕೈಯಲ್ಲಿ ಹಿಡಿದು ನಿಂತಿದ್ದರು. ಒಂದು ಹೆಜ್ಜೆ ಮುಂದಿಟ್ಟು, ಪುನಃ ಒಲೆಯ ಕಡೆ ತಿರುಗಿದರು.

ಜೋಯಲ್ ಬಂದದ್ದು ತೇರ್ಸ್ ಮುಗಿದ ಮೇಲೆ. ಆಸ್ಪತ್ರೆಯ ಯಂತ್ರಗಳ ದುರಸ್ತಿ ವಿಭಾಗದಲ್ಲಿ ಅವನಿಗೆ ಕೆಲಸ. ಏನೋ ಕೆಟ್ಟಿತ್ತಂತೆ, ತಡವಾಯಿತಂತೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಹೆಂಡತಿಯ ಹೆಗಲ ಮೇಲೆ ಕೈ ಇಟ್ಟ.

“ಹೋಗಲಿ ಬಿಡು, ಸಿಂತಿ. ದುಡ್ಡು ಹೊಳೆಗೆ ಬೀಳಲಿಲ್ಲ, ನಮ್ಮ ಮನೆಗೇ ಬಿತ್ತು. ಯಾರು ಮಾಡಿದ್ದು ಅಂತ ಕೆದಕಿ ಎಂತ ಸಿಗುತ್ತದೆ? ಮೂವತ್ತೊಂದಕ್ಕೆ ಸಾಲ ಮುಗಿಯುತ್ತದಲ್ಲ, ಅದನ್ನು ನೋಡು. ಕ್ಲಿನಿಕ್ ಎಲ್ಲಿಗೆ ಹೋಗುತ್ತದೆ? ಎರಡು ವರ್ಷ ಬಿಟ್ಟು ಮಾಡುವ.”

“ನನ್ನ ರಾಜೀನಾಮೆ?”

“ವಾಪಸ್ ತೆಗೆದುಕೊಳ್ಳಬಹುದು. ಡೀನ್ ಹತ್ತಿರ ನಾನೇ ಮಾತಾಡ್ತೇನೆ.”

ಮರುದಿನ ಬೆಳಿಗ್ಗೆ ಕಜೆಟನ್ ಎರಡು ಜೊತೆ ಬಟ್ಟೆ ತುಂಬಿದ ಚೀಲ ಹಿಡಿದು ಕಾಪುವಿನ ಬಸ್ಸು ಹತ್ತಿದರು. ತಂಗಿ ರೋಸಿಯ ಮನೆಗೆ. ಹೋಗುವಾಗ ಸೊಸೆಯ ಕಡೆ ನೋಡದೆ, ಗೇಟಿಗೆ ಹೇಳಿದರು: “ಮಾಡಿದವರು ಬಂದು ನನ್ನ ಹತ್ತಿರ ಬೆಸಾಂವ್ ಕೇಳಲಿ. ಆಗ ಬರ್ತೇನೆ.”

ಆಮೇಲಿನ ವಾರಗಳಲ್ಲಿ ಮನೆಯೊಳಗೆ ಮೌನವೇ ಇರಲಿಲ್ಲ. ಇದ್ದದ್ದು ಬರೀ ಸದ್ದು. ಪಾತ್ರೆ ಕುಕ್ಕುವ ಸದ್ದು, ಬಾಗಿಲು ಹಾಕುವ ಸದ್ದು. ಕ್ರಿಸ್ಮಸ್ಸಿಗೆ ಆಂಜೆಲಾ ಹಬ್ಬದ ತಿಂಡಿಗಳ ಕುಸ್ವಾರ್ ಮಾಡಿದರು, ಆದರೆ ಕಲ್‌ಕಲ್ ಕರಿದದ್ದು ಕಪ್ಪಾಯಿತು, ನೆವ್ರಿಯ ಹೂರಣ ಸಕ್ಕರೆಯಿಲ್ಲದೆ ಹೋಯಿತು. ನಲವತ್ತೇಳು ವರ್ಷದಿಂದ ಕಣ್ಣು ಮುಚ್ಚಿಕೊಂಡು ಮಾಡಿದವರ ಕೈ ಈ ಸಲ ತಪ್ಪಿತು. ಗಂಡನ ಪಾಲನ್ನು ಡಬ್ಬಿಯಲ್ಲಿ ತುಂಬಿ ಕಾಪುವಿಗೆ ಕಳಿಸಿದರೆ ಡಬ್ಬಿ ತುಂಬಿದಂತೆಯೇ ಮರಳಿ ಬಂತು.

ಅತ್ತೆಯ ಕೈಯನ್ನು ಸಿಂಥಿಯಾ ಇನ್ನೊಂದು ಕಡೆಯೂ ಗಮನಿಸಿದಳು. ತೇರ್ಸ್ ಮುಗಿದು ರೇಚಲ್ ಬಾಗಿದರೆ ಆಂಜೆಲಾ ಹಣೆ ಮುಟ್ಟಿ ಶಿಲುಬೆ ಎಳೆಯುತ್ತಿದ್ದರು. ಸಿಂಥಿಯಾ ಬಾಗಿದರೆ ಕೈ ಅರ್ಧ ಮೇಲೆದ್ದು ನಿಲ್ಲುತ್ತಿತ್ತು. ಮರುಕ್ಷಣ ಮೋಂಬತ್ತಿ ನಂದಿಸಲಿಕ್ಕೋ ಜಪಮಾಲೆ ಮಡಚಲಿಕ್ಕೋ ಅದು ತಿರುಗಿಬಿಡುತ್ತಿತ್ತು. ಜೋಯಲ್‌ನಿಗೆ ಇದೇನೂ ಕಾಣುವ ಹಾಗಿರಲಿಲ್ಲ. ಅವನಿಗೆ ದಿನವೂ ತಡ, ದಿನವೂ ಒಂದು ಯಂತ್ರ ಕೆಡುತ್ತಿತ್ತು.

“ಮಾಂಯ್ ನನ್ನ ಮೇಲೆ ಸಿಟ್ಟಾಗಿದ್ದಾರೆ,” ಎಂದಳು ಮಗಳ ಹತ್ತಿರ.

“ಸಿಟ್ಟಾದರೆ ಬೈಯುತ್ತಾರೆ, ಮಮ್ಮಿ. ಇದು ಬೇರೆ,” ಎಂದಳು ರೇಚಲ್. “ನನಗೆ ಸಣ್ಣವಳಿರುವಾಗ ಹೇಳ್ತಿದ್ದರು. ಸುಳ್ಳು ಇಟ್ಟುಕೊಂಡು ಬೆಸಾಂವ್ ಕೇಳಲೂಬಾರದು, ಕೊಡಲೂಬಾರದು ಅಂತ.”

ಸಿಂಥಿಯಾ ಬೆಚ್ಚಿದಳು. ಆದರೆ ಆ ಯೋಚನೆಯನ್ನು ಅತ್ತೆಗೆ ಅಂಟಿಸಲು ಅವಳಿಗೆ ಮನಸ್ಸು ಬರಲಿಲ್ಲ. “ಹೆಂಗಸಿನ ಕೈಯಲ್ಲಿ ಅವಳದ್ದು ಅಂತ ದುಡ್ಡಿರಬೇಕು” ಎಂದು ಮೊದಲಿನಿಂದಲೂ ಅವಳ ಪಕ್ಷ ಹಿಡಿದವರು ಆಂಜೆಲಾ ಒಬ್ಬರೇ.

ಜನವರಿಯ ಮೊದಲ ವಾರ ಅವಳು ಕಾರ್ಕಳಕ್ಕೆ ಹೋದಳು. ಸರ್ವೋತ್ತಮ ಪ್ರಭುಗಳು ಅದೇ ಕಟ್ಟಡದ ತಮ್ಮ ಪಾತ್ರೆ ಅಂಗಡಿಯಲ್ಲಿ ಕುಳಿತು ಎಳನೀರು ಕುಡಿಯುತ್ತಿದ್ದರು.

“ಬನ್ನಿ ಕಿವಿ ಡಾಕ್ಟ್ರೇ! ನಿಮ್ಮ ಯಜಮಾನರು ಫೋನು ಮಾಡಿದ್ದರಲ್ಲ, ಈ ವರ್ಷಕ್ಕೆ ಬೇಡ, ಜಾಗ ಬೇರೆಯವರಿಗೆ ಕೊಡಿ ಅಂತ? ನಾನು ಮೊಬೈಲ್ ಅಂಗಡಿಯವನಿಗೆ ಹೂಂ ಅನ್ನುವುದರಲ್ಲಿದ್ದೆ.”

“ಬೇಡ ಅಂತ ಹೇಳಿದರಾ?”

“ಪಾಪ, ನಿಮಗೆ ಮುಜುಗರ ಆಗಬಾರದು ಅಂತ ಅವರೇ ಮಾಡಿದ್ದಂತೆ. ಒಳ್ಳೆ ಜನ.”

ಸಿಂಥಿಯಾ ಕಷ್ಟಪಟ್ಟು ನಕ್ಕಳು. ಮುಜುಗರ ತಪ್ಪಿಸಲು ಹೋಗಿ ಕೆಲಸವನ್ನೇ ಮುರಿದುಹಾಕುವುದು ಜೋಯಲ್‌ನ ಸ್ವಭಾವವೇ, ಅಂದುಕೊಂಡಳು. “ನನಗೆ ಜಾಗ ಬೇಕು, ಪ್ರಭುಗಳೇ. ಸ್ವಲ್ಪ ಸಮಯ ಕೊಡಿ.”

“ಇದೇ ತಿಂಗಳ ಇಪ್ಪತ್ತಕ್ಕೆ ಮುಂಗಡ ಬರಲಿ. ಬರದಿದ್ದರೆ ನನ್ನನ್ನು ಬೈಯಬೇಡಿ. ಮೊಬೈಲಿನವನು ದಿನಾ ಬಂದು ಅಳತೆ ತೆಗೆದು ಹೋಗ್ತಾನೆ, ಹೆಣ್ಣು ನೋಡಲಿಕ್ಕೆ ಬಂದವನ ಹಾಗೆ.”

ವ್ಯಾಪಾರದ ಸಾಲ ಕೇಳಿದರೆ ಬ್ಯಾಂಕು ಹದಿಮೂರು ಶೇಕಡಾ ಎಂದಿತು. ಒಂಬತ್ತರ ಸಾಲ ತೀರಿಸಿ ಹದಿಮೂರರ ಸಾಲ ಮಾಡುವುದು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಳಿದದ್ದು ಒಂದೇ ದಾರಿ. ಮನೆಯ ಮೇಲೆಯೇ ಹೆಚ್ಚುವರಿ ಸಾಲ ಪಡೆಯುವುದು, ಒಂಬತ್ತೂವರೆಗೆ. ತನ್ನದೇ ದುಡ್ಡನ್ನು ಬಾಡಿಗೆಗೆ ತಂದಂತೆ. ಅದಕ್ಕೆ ಹಳೆಯ ಸಾಲದಲ್ಲಿ ಹೆಸರಿರುವ ಮೂವರ ಸಹಿಯೂ ಬೇಕು.

“ಮಾಡುವ, ಮಾಡುವ,” ಎಂದ ಜೋಯಲ್, ಅರ್ಜಿಯನ್ನು ಮೇಜಿನ ಮೇಲೆ ಬಿಟ್ಟು. “ಡ್ಯಾಡಿಯ ಸಹಿ ಮೊದಲು ಆಗಲಿ. ಅವರು ಎಲ್ಲಿ ಹಾಕುತ್ತಾರೆ?”

“ಹಾಕದಿದ್ದರೆ?”

“ಹಾಕದಿದ್ದರೆ ದೇವರ ಇಚ್ಛೆ ಅಂದುಕೊಳ್ಳುವ. ಈಗಿನ ಬಡ್ಡಿಯಲ್ಲಿ ಪುನಃ ಸಾಲ… ಮೊದಲ ವರ್ಷ ಯಾರೂ ಬರದಿದ್ದರೆ ಎಂತ ಮಾಡ್ತಿ, ಸಿಂತಿ?”

“ಆ ಪ್ರಶ್ನೆ ಈಗ ಕೇಳ್ತೀರಾ? ಎರಡು ವರ್ಷದಿಂದ ಹೂಂ ಹೂಂ ಅಂದದ್ದು?”

“ಈಗಲೂ ಹೂಂ ಅಂತಲೇ ಹೇಳುವುದಲ್ವಾ, ಮಾರಾಯ್ತಿ,” ಎಂದು ಅವನು ತಾರಸಿ ಹತ್ತಿದ. ಈಚೆಗೆ ಊಟವಾದ ಮೇಲೆ ಅವನಿಗೆ ತಾರಸಿಯಲ್ಲಿ ತಿರುಗಾಡುವ ಅಭ್ಯಾಸ ಹತ್ತಿತ್ತು.

ಮುಂಗಡದ ಗಡುವಿಗೆ ನಾಲ್ಕು ದಿನ ಇರುವಾಗ, ರಜೆ ಹಾಕಿ, ಸಿಂಥಿಯಾ ಕಾಪುವಿಗೆ ಹೋದಳು. ರೋಸಿಯ ಮನೆ ಕಡಲಿಗೆ ಹತ್ತಿರ. ಅಂಗಳದಿಂದಲೇ ದೀಪಸ್ತಂಭದ ತಲೆ ಕಾಣುತ್ತಿತ್ತು. ಜಗಲಿಯಲ್ಲಿ ಬನಿಯನ್ನು ಹಾಕಿ ಕುಳಿತಿದ್ದ ಕಜೆಟನ್ ಅವಳನ್ನು ಕಂಡು ಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

“ಬಂದೆಯಾ, ಬಾಯ್?” ಎಂದು ಒಳಗಿನಿಂದ ರೋಸಿ ಬಂದರು. “ಕೊಂಡುಹೋಗು ನಿನ್ನ ಮಾವನನ್ನು. ಟಿವಿಯ ಸದ್ದು ಏರಿಸಿ ಏರಿಸಿ, ಈಗ ಇಡೀ ಓಣಿಯವರು ಅವರವರ ಟಿವಿ ಬಂದ್ ಮಾಡಿ ನಮ್ಮ ಮನೆಯ ಧಾರಾವಾಹಿ ಕೇಳ್ತಾರೆ. ಮೀನು ಬೇಡವಂತೆ, ಮಾಂಸ ಬೇಡವಂತೆ. ಗಂಜಿ! ಒಂದು ತಿಂಗಳಿಂದ ಗಂಜಿ! ನನ್ನದು ಆಸ್ಪತ್ರೆಯಾ?”

ಸಿಂಥಿಯಾ ಜಗಲಿಯ ನೆಲದ ಮೇಲೆ, ಮಾವನ ಕಾಲ ಬಳಿ ಕುಳಿತಳು. ಸಣ್ಣಗೆ ಹೇಳಿದರೆ ಕೇಳುವುದಿಲ್ಲ. ಕ್ಷಮೆಯನ್ನೂ ಕೂಗಿಯೇ ಕೇಳಬೇಕಾಯಿತು.

“ಮಾಂವ್, ನನ್ನ ಬಾಯಿ ತಪ್ಪಿತು!”

ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು.

“ಓಣಿಗೆಲ್ಲ ಕೇಳಿಸುವ ಹಾಗೆ ಹೇಳಬೇಡ,” ಎಂದರು ಕಜೆಟನ್, ಓಣಿಗೆಲ್ಲ ಕೇಳಿಸುವ ಹಾಗೆ. ಆಮೇಲೆ ಪತ್ರಿಕೆ ಮಡಚಿ ಪಕ್ಕಕ್ಕಿಟ್ಟರು. “ನೋಡು ಬಾಯ್. ಆ ಸಾಲ ತೀರಿಸಬೇಕು ಅಂತ ನನಗೆ ಆಸೆ ಇತ್ತು. ಈಗಲೂ ಉಂಟು. ಆದರೆ ನಾನು ಮಾಡಿದ್ದರೆ ಸುಮ್ಮನೆ ಮಾಡ್ತಿದ್ದೆನಾ? ಸಂತೆಕಟ್ಟೆಯಲ್ಲಿ ನಿಂತು ಡಂಗುರ ಹೊಡೆಯುತ್ತಿದ್ದೆ. ಈ ಜನ್ಮದಲ್ಲಿ ಸದ್ದಿಲ್ಲದೆ ಮಾಡಿದ ಕೆಲಸ ಒಂದಾದರೂ ಉಂಟಾ ನನ್ನದು?”

“ಇಲ್ಲ,” ಎಂದರು ರೋಸಿ ಒಳಗಿನಿಂದ.

“ಬ್ಯಾಂಕಿನವರು ಎಂತ ಹೇಳಿದರು? ವರ್ಷ ಕಡಿಮೆ ಮಾಡಿದ್ದಾರೆ ಅಂತ ಅಲ್ವಾ? ಒಂದೇ ಸಂಬಳದ ಮನೆ ಅಂತ ನಾನಾಗಿದ್ದರೆ ಕಂತು ಕಡಿಮೆ ಮಾಡುತ್ತಿದ್ದೆ. ಒಟ್ಟಿಗೆ ಕಟ್ಟಿದರೆ ಕಂತೋ ವರ್ಷವೋ ಅಂತ ಆರಿಸಲಿಕ್ಕೆ ಆಗುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.”

ಸಿಂಥಿಯಾ ತಟ್ಟನೆ ತಲೆ ಎತ್ತಿದಳು. ಹೌದಲ್ಲ! ಸಾಲಕ್ಕೆ ಒಟ್ಟಿಗೆ ದುಡ್ಡು ಹಾಕಿದರೆ ಕಂತನ್ನಲ್ಲ, ವರ್ಷವನ್ನು ಇಳಿಸಬೇಕು, ಬಡ್ಡಿ ಉಳಿಯುವುದು ಅದರಲ್ಲಿ ಎಂದು ಅವಳೇ ಒಮ್ಮೆ ವಿವರಿಸಿದ್ದಳು. ಎಲ್ಲಿ? ಮೇಜಿನ ಬಳಿ ಅಲ್ಲ. ನವೆಂಬರಿನ ಒಂದು ಭಾನುವಾರ, ಅಡುಗೆಮನೆಯಲ್ಲಿ. ಸಣ್ಣ ತಟ್ಟೆಗಳಿಗೆ, ಇಡ್ಲಿಯಂಥ ಸನ್ನಾದ ಹಿಟ್ಟು ಹೊಯ್ಯುತ್ತ. ಕೇಳುತ್ತ ಪಕ್ಕದಲ್ಲಿ ನಿಂತವರು ಆಂಜೆಲಾ. ಅರ್ಧಕ್ಕೆ ಕೈ ನಿಲ್ಲಿಸುವ ಆಂಜೆಲಾ. ಬರಿಗಾಲಿನಲ್ಲಿ ಮನೆಯೊಳಗೆ ತಿರುಗುವ ಆಂಜೆಲಾ.

ನಡುವೆ ಜೋಯಲ್ ಚಹಾ ಕೇಳಿಕೊಂಡು ಬಂದು ಹೋದದ್ದು ಅವಳಿಗೆ ನೆನಪಾಯಿತು, ಮರೆತೂ ಹೋಯಿತು.

“ಎಂತ ಆಯಿತು?” ಎಂದರು ಕಜೆಟನ್.

“ಏನಿಲ್ಲ, ಮಾಂವ್.” ಅವಳು ಚೀಲದಿಂದ ಅರ್ಜಿ ತೆಗೆದಳು. “ಇದಕ್ಕೆ ಸಹಿ ಬೇಕಿತ್ತು. ಪುನಃ ಸಾಲ. ನಿಮಗೆ ಇಷ್ಟವಿಲ್ಲ ಅಂತ ಗೊತ್ತುಂಟು.”

ಕಜೆಟನ್ ಕನ್ನಡಕ ಏರಿಸಿ ಮೊತ್ತ ನೋಡಿದರು, ಬಡ್ಡಿ ನೋಡಿದರು, ನಾಲಗೆಯಿಂದ ಲೊಚಗುಟ್ಟಿದರು. ಆಮೇಲೆ ಪೆನ್ನು ತೆಗೆದು ಕುವೈಟಿನ ಕಾಲದ ತಮ್ಮ ಉದ್ದನೆಯ ಸಹಿಯನ್ನು ಎಳೆದರು.

“ಬುದ್ಧಿ ಇಲ್ಲದ ಸಾಲ,” ಎಂದರು. “ಆದರೆ ನಿನ್ನದೇ ದುಡ್ಡನ್ನು ನಿನ್ನಿಂದ ಕಸಿದದ್ದು ಅದಕ್ಕಿಂತ ಬುದ್ಧಿ ಇಲ್ಲದ್ದು. ಹೋಗು. ಕ್ಲಿನಿಕ್ ಆಗಲಿ. ಆಮೇಲೆ ಬೇಕಾದರೆ ನನ್ನ ಕಿವಿಗೂ ಎಂತದೋ ತುರುಕಿಸು.”

ಅವಳು ಕಲ್ಯಾಣಪುರಕ್ಕೆ ಮರಳಿದಾಗ ಮುಸ್ಸಂಜೆ. ಆಲ್ತಾರಿನ ಮುಂದೆ ಮೋಂಬತ್ತಿ ಹಚ್ಚಿಯಾಗಿತ್ತು. ಜೋಯಲ್ ಇನ್ನೂ ಬಂದಿರಲಿಲ್ಲ. ಮೂವರು ಹೆಂಗಸರು ಮೊಣಕಾಲೂರಿದರು. ಅಂದಿನ ಐವತ್ತೂ ನಮೋ ಮರಿಯಾಗಳನ್ನು ಸಿಂಥಿಯಾ ಬಾಯಿಯಿಂದ ಹೇಳಿದಳೇ ಹೊರತು ಒಂದೂ ಮನಸ್ಸಿಗೆ ಇಳಿಯಲಿಲ್ಲ.

ತೇರ್ಸ್ ಮುಗಿಯಿತು. ರೇಚಲ್ ಬೆಸಾಂವ್ ಕೇಳಿ, ಪಡೆದು, ಓದಲು ಕೋಣೆಗೆ ಹೋದಳು.

ಸಿಂಥಿಯಾ ಬಾಗಿದಳು. “ಬೆಸಾಂವ್ ಕೊಡಿ, ಮಾಂಯ್.”

ಆಂಜೆಲಾ ಅವರ ಕೈ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ಅದು ತಿರುಗುವ ಮೊದಲೇ ಸಿಂಥಿಯಾ ಮುಂಗೈ ಹಿಡಿದುಕೊಂಡಳು.

“ಆ ರಾತ್ರಿ ನಮ್ಮ ಬಾಗಿಲು ತಟ್ಟಿದ್ದು ನೀವೇ ಅಲ್ವಾ?”

ಮೋಂಬತ್ತಿಯ ಬೆಳಕಿನಲ್ಲಿ ಅತ್ತೆಯ ಮುಖ ಒಂದೇ ಗಳಿಗೆಯಲ್ಲಿ ಮುದಿಯಾಯಿತು.

“ಹೌದು.”

“ಹೇಳಲಿಕ್ಕೆ ಬಂದಿದ್ದಿರಿ.”

“ಹೌದು, ಬಾಯ್.”

“ಮಾವನನ್ನು ನಾನು ಎಲ್ಲರೆದುರು ಸುಳ್ಳುಗಾರ ಅಂತ ಮಾಡಿದೆ. ಅವರು ಚೀಲ ಹಿಡಿದು ಹೋದರು. ಆಗಲೂ ನೀವು ಬಾಯಿ ಬಿಡಲಿಲ್ಲ. ನನ್ನ ದುಡ್ಡು ನನ್ನ ಕೈಯಲ್ಲೇ ಇರಲಿ ಅಂದವರು ನೀವು. ನೀವೇ ಹೀಗೆ ಮಾಡಬಹುದಾ?”

ಆಂಜೆಲಾ ತಲೆ ಎತ್ತಿ ಅವಳನ್ನು ನೋಡಿದರು. ಕಣ್ಣಲ್ಲಿ ಅಚ್ಚರಿಯಿತ್ತು.

“ನಾನಾ?” ಎಂದರು. “ನಾನು ಮಾಡಿದೆ ಅಂದುಕೊಂಡೆಯಾ? ನಾನು ನೋಡಿದವಳು, ಬಾಯ್. ಶುಕ್ರವಾರ ಸಂಜೆ ಮೀನು ತೊಳೆದು ಒಳಗೆ ಬರುವಾಗ, ಇಲ್ಲೇ, ಈ ಸ್ಟೂಲಿನ ಹತ್ತಿರ ನಿನ್ನ ಮಾವನ ಫೋನು ಒತ್ತುತ್ತ ನಿಂತದ್ದನ್ನು ನೋಡಿದೆ. ಕೇಳಿದೆ. ಹೆದರಿಕೆ ಆಗುತ್ತದೆ, ಎಪ್ಪತ್ತು ವರ್ಷದವರೆಗೆ ಸಾಲ, ನಿದ್ರೆ ಬರುವುದಿಲ್ಲ, ಯಾರಿಗೂ ಹೇಳಬೇಡಿ ಅಂತ ಕಾಲು ಹಿಡಿದದ್ದು ಈ ಕಾಲನ್ನೇ. ನಾನು ಎಂತ ಮಾಡಲಿ? ಗಂಡನನ್ನು ಹೋಗಲಿಕ್ಕೆ ಬಿಟ್ಟೆ, ಬಾಯಿ ಹೊಲಿದುಕೊಂಡೆ. ಆದರೆ ಸುಳ್ಳು ಇಟ್ಟುಕೊಂಡ ಕೈಯನ್ನು ನಿನ್ನ ಹಣೆಗೆ ಇಡಲಿಕ್ಕೆ ಆಗಲಿಲ್ಲ.”

ಹೊರಗೆ ಗೇಟಿನ ಚಿಲಕ ಸರಿಯಿತು. ಬೈಕೊಂದು ಅಂಗಳಕ್ಕೆ ಬಂದು ನಿಂತಿತು. ತೇರ್ಸ್ ಮುಗಿಯಿತೋ ಇಲ್ಲವೋ ಎಂದು ಕೇಳಿಸಿಕೊಳ್ಳುವವರಂತೆ, ಹೆಜ್ಜೆಗಳು ಮೆಟ್ಟಿಲ ಬಳಿ ತಡೆದವು.

ಸಿಂಥಿಯಾಳ ಚೀಲದಲ್ಲಿ ಅರ್ಜಿಯಿತ್ತು. ಗಡುವಿಗೆ ನಾಲ್ಕು ದಿನ. ಮೂರರಲ್ಲಿ ಒಂದು ಸಹಿ ಬಾಕಿ.

“ಬಾಗಿಲು ತಟ್ಟಿದವರು ಓಡಿದ್ದು ಯಾಕೆ, ಮಾಂಯ್?” ಎಂದು ಅವಳು ಪಿಸುಗುಟ್ಟಿದಳು. “ನಾನು ತೆರೆಯುವಷ್ಟರಲ್ಲಿ ಯಾಕೆ ಓಡಿದಿರಿ?”

ಆಂಜೆಲಾ ಅವರ ಕೈ ಕೊನೆಗೂ ಕೆಳಗಿಳಿಯಿತು. ತಣ್ಣಗಿನ ಹೆಬ್ಬೆರಳು ಸೊಸೆಯ ಹಣೆಯ ಮೇಲೆ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಒತ್ತಿ ಒತ್ತಿ ಶಿಲುಬೆ ಎಳೆಯಿತು.

“ಒಳಗಿನಿಂದ ‘ಯಾರು’ ಅಂತ ಕೇಳಿದ್ದು ನೀನಾಗಿದ್ದರೆ ಆ ರಾತ್ರಿಯೇ ಹೆಸರು ಹೇಳಿಬಿಡುತ್ತಿದ್ದೆ, ಬಾಯ್.”

ಮೆಟ್ಟಿಲ ಮೇಲಿನ ಹೆಜ್ಜೆ ಬಾಗಿಲಿಗೆ ಬಂತು. ಆಂಜೆಲಾ ಅತ್ತ ತಿರುಗಿ, ನಲವತ್ತಾರು ವರ್ಷದ ಹಿಂದೆ ತಾವೇ ಇಟ್ಟ ಹೆಸರನ್ನು ಗಟ್ಟಿಯಾಗಿ ಹೇಳಿದರು.

“ಜೋಯಲ್.”